ಗಡ್ಡ್ಯಾನಿಗೆ ತತ್ತಿ

ಸುರಪುರದ ಬಜಾರಿನಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ಚನ್ನಯ್ಯನವರ ಮನೆಯಲ್ಲಿ ಇಲಿಯನ್ನು ಕೊಲ್ಲುವಂತಿಲ್ಲ. ಮುಂದೆ ಅಂಗಡಿ, ಅದರ ಹಿಂದೆ ತೊಗರಿ ಚೀಲಗಳ ಕೋಣೆ, ಅದರ ಹಿಂದೆ ಮನೆ. ಇಲಿಗಳಿಗೆ ಇದಕ್ಕಿಂತ ಒಳ್ಳೆಯ ಜಾಗ ಊರಲ್ಲೇ ಇರಲಿಲ್ಲ. ಸಂಜೆ ಬೋನು ಇಡುವುದು, ಬೆಳಿಗ್ಗೆ ಸಿಕ್ಕ ಇಲಿಯನ್ನು ಬೋನಿನ ಸಮೇತ ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಊರಾಚೆಯ ಹಳ್ಳದಲ್ಲಿ ಬಿಟ್ಟು ಬರುವುದು ಆ ಮನೆಯ ಪದ್ಧತಿ. ಬೋನು ಇಡುವವರು ಚನ್ನಯ್ಯ, ಹೊರುವವರು ಅವರ ಹೆಂಡತಿ ಸೂಗಮ್ಮ. ಪುಣ್ಯ ಯಾರ ಪಾಲಿಗೆ ಹೋಗುತ್ತಿತ್ತೋ ಗೊತ್ತಿಲ್ಲ. ಇಲಿ ಮಾತ್ರ ಸೂಗಮ್ಮನಿಗಿಂತ ಮೊದಲೇ ಮನೆ ಸೇರುತ್ತಿತ್ತು.

ಇಂಥ ಮನೆಗೆ ಸೊಸೆ ದಾನೇಶ್ವರಿ ಟೆರಿಯರ್ ನಾಯಿಯನ್ನು ತಂದಳು.

ನಾಯಿ ಅವಳ ಕಾಲೇಜು ಗೆಳತಿ ಸಂಘಮಿತ್ರಾಳದು. ನಾರಾಯಣಪುರದ ನೀರಾವರಿ ಆಫೀಸಿನಲ್ಲಿ ಕ್ಲರ್ಕ್ ಆಗಿದ್ದ ಅವಳಿಗೆ ವರ್ಗವಾಗಿತ್ತು, ಹೊಸ ಊರಿನ ಮನೆ ಮಾಲೀಕರು ನಾಯಿ ಬೇಡವೆಂದಿದ್ದರು. ಗಿಡ್ಡ ಮೈ, ತಂತಿಯಂಥ ಬಿರುಸು ಕೂದಲು, ಮುದುಕರಿಗಿರುವಂಥ ಗಡ್ಡ. ಹಾಗಾಗಿಯೇ ಹೆಸರು ಗಡ್ಡ್ಯಾ. ಒಪ್ಪಿಸುವಾಗ ಸಂಘಮಿತ್ರಾ ಕಣ್ಣೊರೆಸಿಕೊಳ್ಳುತ್ತಲೇ ಎಲ್ಲ ಹೇಳಿಕೊಟ್ಟಿದ್ದಳು. ಟೆರಿಯರ್ ಅಂದರೆ ಬಿಲ ಅಗೆದು ಇಲಿ ಹಿಡಿಯಲೆಂದೇ ಸಾಕಿಕೊಂಡು ಬಂದ ಜಾತಿ, ನೆಲ ಕೆರೆಯದೆ ಇರುವುದಿಲ್ಲ. ಹಟಮಾರಿ, ಹೊಡೆದರೆ ಹಟ ಹೆಚ್ಚುತ್ತದೆ. ದಿನವೂ ಓಡಾಡಿಸಬೇಕು, ಸದಾ ಕಟ್ಟಿ ಹಾಕಬಾರದು. ತತ್ತಿಯೋ ಮಾಂಸವೋ ಬೇಕು, ಉಳ್ಳಾಗಡ್ಡಿ ತಾಗಿಸಬಾರದು. ಕೂದಲಿಗೆ ಕತ್ತರಿ ಹಾಕದೆ, ಸತ್ತ ಕೂದಲನ್ನಷ್ಟೇ ಬೆರಳಿನಿಂದ ಕಿತ್ತು ತೆಗೆಯಬೇಕು. ನನ್ನ ಮೇಲೆ ಬಿಡು ಎಂದು ದಾನೇಶ್ವರಿ ಮಾತು ಕೊಟ್ಟು ಬಂದಿದ್ದಳು.

ಅಂಗಡಿಗೆ ಕಾವಲಾದೀತೆಂದು ಚನ್ನಯ್ಯ ಒಪ್ಪಿದ್ದರು. ನಾಲ್ಕು ದಿನ ಹಾಲು ರೊಟ್ಟಿ ಹಾಕಿದರೆ ಅದೂ ನಮ್ಮಂತೆಯೇ ಆಗುತ್ತದೆ ಎಂಬ ಭರವಸೆ ಅವರದು. ನಾಯಿಯ ವಾಸನೆಗೇ ಇಲಿಗಳು ಅಡಗಿ ಬೋನು ಖಾಲಿ ಬಿದ್ದಿತು. ಬಂದ ವಾರದಲ್ಲೇ ಗಡ್ಡ್ಯಾ ಚೀಲದ ಕೋಣೆಯ ಮೂಲೆ ಅಗೆದು, ದಪ್ಪನೆಯ ಇಲಿಯೊಂದನ್ನು ಹಿಡಿದು ಒಂದೇ ಸಲ ಕೊಡವಿ ಮುಗಿಸಿತು. ಆಮೇಲೆ ಅದನ್ನು ಲಿಂಗಪೂಜೆಗೆ ಕುಳಿತಿದ್ದ ಚನ್ನಯ್ಯನವರ ಎದುರು ತಂದಿಟ್ಟು ಬಾಲ ಅಲ್ಲಾಡಿಸಿತು. ಮನೆಯ ಯಜಮಾನ ಯಾರೆಂದು ಪಾಪ ಅದಕ್ಕೆ ಸರಿಯಾಗಿ ತಿಳಿದಿತ್ತು.

ಚನ್ನಯ್ಯ ಮತ್ತೆ ತಲೆಗೆ ನೀರು ಹಾಕಿಕೊಂಡು ಬಂದು, ನಾಯಿಗೆ ಆಚಾರ ಕಲಿಸಲು ಹೊರಟರು. ಹಣೆಗೆ ವಿಭೂತಿ, ಕೊರಳಿಗೆ ಸರಪಳಿ, ತಟ್ಟೆಗೆ ಬರೀ ನುಚ್ಚು ಮಜ್ಜಿಗೆ. ವಿಭೂತಿ ಹಚ್ಚಿಕೊಂಡ ನಾಯಿಯನ್ನು ನೋಡಲು ಜನ ಸಕ್ಕರೆ ಕೊಳ್ಳುವ ನೆವ ಮಾಡಿಕೊಂಡು ಬಂದರು. ದಾನೇಶ್ವರಿ ಏನೂ ಅನ್ನಲಿಲ್ಲ. ಆ ಮನೆಯಲ್ಲಿ ಸುಮ್ಮನಿರುವುದು ಅವಳಿಗೆ ರೂಢಿಯಾಗಿ ಹೋಗಿತ್ತು.

ಮಳೆಗಾಲ ಕಳೆಯುವಷ್ಟರಲ್ಲಿ ಗಡ್ಡ್ಯಾನ ಪಕ್ಕೆಲುಬುಗಳು ಎದ್ದು ಕಂಡವು. ಕೂದಲು ಉದುರಿ ಅಲ್ಲಲ್ಲಿ ಚರ್ಮ ಕೆಂಪಾಯಿತು. ದಿನವಿಡೀ ಬೊಗಳಿ ಗಂಟಲು ಕಟ್ಟಿತು. ಕೊನೆಗೊಂದು ದಿನ ನೆಲ ಕೆರೆಯುವುದನ್ನೂ ಬಿಟ್ಟು ಮೂಲೆಯಲ್ಲಿ ಮುದುಡಿ ಮಲಗಿತು. ಈಗ ಶಾಣ್ಯಾ ಆತು ನೋಡು ಎಂದು ಚನ್ನಯ್ಯ ಮೆಚ್ಚಿದರು. ಆ ಮೆಚ್ಚುಗೆ ದಾನೇಶ್ವರಿಗೆ ಚುಚ್ಚಿತು. ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಎದುರು ಮಾತಾಡುವುದನ್ನು ಬಿಟ್ಟಾಗಲೂ ಅವರು ಇದೇ ಮಾತು ಹೇಳಿದ್ದರು. ಅವಳಿಗೆ ನಾಯಿಯ ಮೇಲೆ ಕರುಣೆ ಬಂತು, ತನ್ನ ಮೇಲೆಯೇ ಸಿಟ್ಟು ಬಂತು. ಇದು ಹೀಗೇ ಸತ್ತರೆ ಗೆಳತಿಗೆ ಯಾವ ಮುಖ ತೋರಿಸುವುದು?

ಮೈಗೆ ಗಾಳಿಯಾಡಲೆಂದು ಚನ್ನಯ್ಯ ಮರುದಿನ ಕುರಿಯ ಉಣ್ಣೆ ಕತ್ತರಿಸುವ ರೇವಣಸಿದ್ದನನ್ನು ಕರೆಸಿದರು. ಅವನು ಕತ್ತರಿ ತೆಗೆಯುತ್ತಿದ್ದಂತೆ ದಾನೇಶ್ವರಿ ಅಡ್ಡ ಬಂದು ನಿಂತಳು. ಸರಪಳಿ ಬಿಚ್ಚಿದಳು. ನಾಯಿಯನ್ನು ಕಂಕುಳಲ್ಲಿ ಎತ್ತಿಕೊಂಡು ಪಕ್ಕದ ಓಣಿಗೆ ಹೋಗಿ, ಕೋಳಿ ಸಾಕಿದ ಅಖ್ತರಬೇಗಂ ಹತ್ತಿರ ತತ್ತಿ ಕೊಂಡಳು. ಅವನ್ನು ಸೆರಗಿನಲ್ಲಿ ಮುಚ್ಚಲಿಲ್ಲ, ಅಂಗೈಯಲ್ಲಿ ಹಿಡಿದುಕೊಂಡೇ ಬಜಾರಿನ ನಡುವೆ ಹಾದು ಬಂದಳು. ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಹಳೆಯ ಡಬ್ಬಿಯಲ್ಲಿ ಕುದಿಸಿ, ಸುಲಿದು ತಿನ್ನಿಸಿದಳು.

ಚನ್ನಯ್ಯ ನಿಂತಲ್ಲೇ ತೀರ್ಪು ಕೊಟ್ಟರು. ಮಗ ಸಂಗಮನಾಥನನ್ನು ಕರೆದು, ನಾಯಿಯನ್ನು ಈಗಲೇ ಸ್ಕೂಟರಿನ ಮೇಲೆ ಒಯ್ದು ದೇವಾಪುರದಾಚೆ ಕಾಲುವೆ ದಂಡೆಯಲ್ಲಿ ಬಿಟ್ಟು ಬಾ ಎಂದರು. ಸಂಗಮನಾಥ ಒಳ್ಳೆಯವನು, ಅದನ್ನು ಬಿಟ್ಟು ಬೇರೇನೂ ಮಾಡಿ ಗೊತ್ತಿಲ್ಲದವನು. ಹೆಂಡತಿಯ ಮುಖ ನೋಡದೆ ಸ್ಕೂಟರ್ ಅಂಗಡಿಯ ಮುಂದೆ ತಂದು ನಿಲ್ಲಿಸಿದ. ದಾನೇಶ್ವರಿ ಗಡ್ಡ್ಯಾನನ್ನು ತೊಡೆಯ ಮೇಲೆ ಇಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕುಳಿತಳು.

"ನಡೀರಿ," ಅಂದಳು. "ಇದು ಎಲ್ಲಿ ಇಳೀತದ, ನಾನೂ ಅಲ್ಲೇ ಇಳೀತೀನಿ."

ಸಂಗಮನಾಥನ ಕಾಲು ಕಿಕ್ ಮೇಲೆಯೇ ನಿಂತಿತು. ಗಿರಾಕಿಗಳು ಚೀಲ ಹಿಡಿದವರು ಹಿಡಿದಂತೆಯೇ ಉಳಿದರು. ಮರ್ಯಾದೆ ಬೀದಿಗೆ ಬಂತೆಂದು ಚನ್ನಯ್ಯ ಗಲ್ಲಾಪೆಟ್ಟಿಗೆ ಬಿಟ್ಟು ಇಳಿದು ಬಂದರು.

"ಈ ಮನ್ಯಾಗ ತತ್ತಿ ಬಂದದ್ದು ಯಾರೂ ಕಂಡಿಲ್ಲವ್ವಾ. ಒಂದು ನಾಯಿ ಸಲುವಾಗಿ ಆಚಾರ ಮುರದಿ."

"ನಿಮ್ಮ ಒಲಿಗೆ ಮುಟ್ಟಿಸಿಲ್ರಿ ಮಾವಾರ. ಹಿತ್ತಲದಾಗ ಕುದಿಸೀನಿ, ದಿನಾ ಕುದಿಸ್ತೀನಿ. ನಿಮ್ಮ ಆಚಾರ ನಿಮಗಿರ್ಲಿ. ಅದು ನಾಯಿ ಅದ, ನಾಯಿ ಆಗೇ ಇರಾಕ ಬಿಡ್ರಿ. ನನ್ನ ಸುಮ್ಮನ ಕುಂದರಿಸಿದಂಗ ಅದನ್ನ ಕುಂದರಿಸಬ್ಯಾಡ್ರಿ."

ಅಷ್ಟರಲ್ಲಿ ಒಳಗಿನಿಂದ ಸೂಗಮ್ಮ ಬಂದರು. ಕೈಯಲ್ಲಿ ಬೋನು, ಒಳಗೆ ಅಂದಿನ ಇಲಿ. ನಾಯಿಗೆ ಸರಪಳಿ ಬಿದ್ದಾಗಿನಿಂದ ಇಲಿಗಳ ಕಾಟ ಮರಳಿ ಬಂದಿತ್ತು, ಅವರ ಹಳ್ಳದ ತಿರುಗಾಟವೂ ಮರಳಿ ಶುರುವಾಗಿತ್ತು. ಅವರು ಸೊಸೆಯ ಕಡೆಗೆ ನೋಡಲಿಲ್ಲ. ನೇರ ಗಂಡನ ಹತ್ತಿರ ಹೋಗಿ ಬೋನನ್ನು ಅವರ ಕೈಗೆ ಕೊಟ್ಟರು.

"ಮದಿವ್ಯಾಗಿ ಬಂದಾಗಿಂದ ಹೊತ್ತೀನಿ," ಅಂದರು. "ನಾಯಿ ಹೋಗೂದಾದ್ರ ಇವತ್ತಿನಿಂದ ಇದನ್ನ ನೀವೇ ಹೊರ್ರಿ. ಆಚಾರ ನಿಮ್ದದ."

ಬಜಾರಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸಂಗಮನಾಥ ಸ್ಕೂಟರಿನಿಂದ ಇಳಿದು ಸ್ಟ್ಯಾಂಡ್ ಹಾಕಿದ. ಯಾರೂ ಹೇಳದೆ ಅವನು ಮಾಡಿದ ಮೊದಲ ಕೆಲಸ ಅದೇ ಇರಬೇಕು. ಚನ್ನಯ್ಯ ಹೆಂಡತಿಯನ್ನು ನೋಡಿದರು, ಸೊಸೆಯನ್ನು ನೋಡಿದರು, ಕೈಯಲ್ಲಿದ್ದ ಇಲಿಯನ್ನು ನೋಡಿದರು. ಕೊಲ್ಲುವಂತಿಲ್ಲ, ಅಂಗಡಿಯ ಮುಂದೆ ಬಿಡುವಂತೆಯೂ ಇಲ್ಲ. ಕೊನೆಗೆ ಹಳ್ಳದ ದಾರಿ ಹಿಡಿದರು. ಬೋನು ಮುಚ್ಚಿಕೊಳ್ಳಲು ಅವರಿಗೆ ಸೆರಗಿರಲಿಲ್ಲ.

ದಾನೇಶ್ವರಿ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಗಡ್ಡ್ಯಾನ ಬೆನ್ನಿನ ಸತ್ತ ಕೂದಲನ್ನು ಒಂದೊಂದಾಗಿ ಕೀಳತೊಡಗಿದಳು. ಸೂಗಮ್ಮ ಪಕ್ಕದಲ್ಲಿ ಬಂದು ಕುಳಿತು, ಹೇಗೆ ಕೀಳುವುದೆಂದು ಕೇಳಿ ತಾವೂ ಬೆರಳು ಹಚ್ಚಿದರು. ಸ್ವಲ್ಪ ಹೊತ್ತಿಗೆ ಗಡ್ಡ್ಯಾ ಮೈ ಕೊಡವಿ ಕೆಳಗೆ ಜಿಗಿದು, ಚನ್ನಯ್ಯನವರ ಅಂಗಡಿಯ ಎದುರಿನ ನೆಲವನ್ನು ಮುಂಗಾಲಿನಿಂದ ಕೆರೆಯಲು ಶುರು ಮಾಡಿತು. ಅತ್ತೆಯೂ ಬೇಡವೆನ್ನಲಿಲ್ಲ, ಸೊಸೆಯೂ ಬೇಡವೆನ್ನಲಿಲ್ಲ.