ಮುಖವಾಡ ಕಿತ್ತ ಸೋಮವಾರ

ಕಾಸಿಲ್ದಾಳಿಗೆ ಅದು ಕೊನೆಯ ಅವಕಾಶ. ಪ್ವೆಬ್ಲಾ ಊರಿನ ಮುಖವಾಡ ಕುಸ್ತಿಯ ಅಖಾಡದಲ್ಲಿ ಆರು ಸೋಮವಾರ, ಜನರಿಂದ ಬೈಸಿಕೊಳ್ಳಬೇಕಾದ ಖಳನಾಯಕಿಯಾಗಿ ಹಲ್ಲು ಕಡಿದಳು, ಎದುರಾಳಿಯ ಕೂದಲೆಳೆದಳು, ಉಗಿದಳು. ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು.

"ಇವತ್ತೂ ನಕ್ರೆ, ನಾಳೆಯಿಂದ ಬಾಗಿಲಲ್ಲಿ ಟಿಕೆಟ್ ಹರಿ ತಾಯಿ," ಎಂದಿದ್ದ ಅಖಾಡದ ಯಜಮಾನ ರೊಸೆಂದೊ.

ಅವಳಿಗಿಂತ ಮುಂಚೆ ಗುರು ಅಬುಂದಿಯೊನ ಕುಸ್ತಿ. ಮೂವತ್ತು ವರ್ಷದಿಂದ ಊರಿಗೆಲ್ಲ ಖಳನಾದ ಆ ಮುದುಕ ಕೂಗಾಡಲೇ ಇಲ್ಲ. ತನ್ನ ಎದುರಾಳಿ, ಊರಿನ ಕಣ್ಮಣಿ, ಮುಖವಾಡದ ಬೆಳ್ಳಿಗರುಡ ಮುಟ್ಟಿದ ಹಗ್ಗವನ್ನು ಕರವಸ್ತ್ರದಿಂದ ನಿಧಾನವಾಗಿ ಒರೆಸಿ, ಕರವಸ್ತ್ರವನ್ನೇ ಬಿಸಾಡಿದ. ಅಷ್ಟಕ್ಕೇ ಇಡೀ ಅಖಾಡ ಎದ್ದು ಅವನ ವಂಶವನ್ನೆಲ್ಲ ಜಾಲಾಡಿತು. ಕಾಸಿಲ್ದಾ ಬಾಯಿ ಬಿಟ್ಟುಕೊಂಡು ನೋಡಿದಳು.

ಆಮೇಲೆ ಗರುಡ ಹಗ್ಗದ ಮೇಲಿಂದ ಹಾರಿದ. ಇಳಿಯುವಾಗ ಪಾದ ಮುರಿಯಿತು. ಜನಕ್ಕೆ ಗೊತ್ತಾಗಲಿಲ್ಲ. ಅಂಚಿನಲ್ಲಿ ನಿಂತ ಕಾಸಿಲ್ದಾಳಿಗೆ ಮಾತ್ರ, ಕತ್ತು ಹಿಸುಕುವವನಂತೆ ಮೇಲೆ ಬಿದ್ದ ಅಬುಂದಿಯೊ ಪಿಸುಗುಟ್ಟಿದ್ದು ಕೇಳಿಸಿತು.

"ಏಳ್ಬೇಡ ಮಗಾ. ಊರ ಮುಂದೆ ನಿನ್ನ ಸೋಲೋಕೆ ಬಿಡಲ್ಲ."

ಈ ಕುಸ್ತಿಯಲ್ಲಿ ಮುಖ ಬಯಲಾದವನ ಮಾನ ಹೋದಂತೆ; ಆದರೆ ನಿಯಮದ ಪ್ರಕಾರ ಎದುರಾಳಿಯ ಮುಖವಾಡ ಕಿತ್ತವನೇ ಆ ಕ್ಷಣ ಸೋತಂತೆ. ಅಬುಂದಿಯೊ ದಾರ ಬಿಚ್ಚಿ ಎಳೆದೇಬಿಟ್ಟ. ಕಿತ್ತ ಗಳಿಗೆಯಲ್ಲೇ ಆ ಮುಖವನ್ನು ತನ್ನ ಎದೆಗೆ ಒತ್ತಿಕೊಂಡ, ಒಬ್ಬರಿಗೂ ಕಾಣಲಿಲ್ಲ. ಅಜ್ಜಿಯೊಬ್ಬಳು ಬೀಸಿದ ಚಪ್ಪಲಿಗೆ ಅವನ ಹುಬ್ಬು ಒಡೆಯಿತು. ಮುಖವಾಡ ಮತ್ತೆ ತೊಟ್ಟ, ಗೆದ್ದ ಗರುಡನನ್ನು ಜನ ಅಳುತ್ತಾ, ಬಿಳಿ ಹೂ ಎರಚುತ್ತಾ ಹೊತ್ತೊಯ್ದರು.

"ಮೇಷ್ಟ್ರೇ, ಅವನ್ನ ಉಳಿಸಿದ್ದು ನೀವೇ ಅಂತ ಎಲ್ಲರಿಗೂ ಹೇಳ್ಬಿಡ್ತೀನಿ!" ಎಂದಳು ಕಾಸಿಲ್ದಾ, ಕೆಳಗಿಳಿದ ಅಬುಂದಿಯೊನ ಬಳಿ ಓಡಿ.

"ಬಾಯ್ ಮುಚ್ಕೊಂಡ್ ಹೋಗೇ! ಎಷ್ಟ್ ಕಷ್ಟಪಟ್ಟು ಬೈಸ್ಕೊಂಡಿದೀನಿ, ಹಾಳ್ಮಾಡ್ಬೇಡ," ಎಂದು ರಕ್ತ ಒರೆಸಿಕೊಳ್ಳುತ್ತಾ ಅವನು ನಕ್ಕ.

ಇಂಥ ಮನುಷ್ಯನೂ ಇರುತ್ತಾನೆಯೇ! ಆರು ವಾರ ತಾನು ಕೂದಲೆಳೆಯುತ್ತಲೇ ಓರೆಗಣ್ಣಲ್ಲಿ ಜನರ ಮೆಚ್ಚುಗೆ ಹುಡುಕಿದ್ದು ನೆನೆದು ಕಾಸಿಲ್ದಾಳಿಗೆ ನಾಚಿಕೆಯಾಯಿತು.

ಅವಳ ಹೆಸರು ಕೂಗಿದರು. ಆಗಲೇ ಒಂದಿಬ್ಬರು ಕಿಸಕ್ಕೆಂದರು. ಗರುಡನಿಗಾಗಿ ಎರಚಿದ ಹೂಗಳು ಅಖಾಡದಲ್ಲಿ ಹಾಗೇ ಬಿದ್ದಿದ್ದವು. ಅವಳಿಗೂ ಅವನೆಂದರೆ ಪ್ರಾಣ. ಮನಸ್ಸಿನಲ್ಲೇ ಅವನ ಕ್ಷಮೆ ಕೇಳಿ, ಯಾರತ್ತಲೂ ನೋಡದೆ, ಒಂದು ಹೂವಿನ ಮೇಲೆ ಬೂಟಿಟ್ಟು ಮೆಲ್ಲನೆ ಹೊಸಕಿದಳು. ಆಮೇಲೆ ಇನ್ನೊಂದು.

ಮರುಕ್ಷಣ ಬಿಯರ್ ತುಂಬಿದ ಲೋಟ ಬಂದು ಅವಳ ಎದೆಗೆ ಬಡಿಯಿತು. ಸಾವಿರ ಜನ ಒಟ್ಟಿಗೆ ಶಾಪ ಹಾಕುತ್ತಿದ್ದರು. ಅವಳು ಒರೆಸಿಕೊಳ್ಳಲಿಲ್ಲ.