ಐದಕ್ಕೂ ಆರಕ್ಕೂ ನಡುವೆ

ಈಗ ಸೀನಬಾರದು, ಇವತ್ತಿನ ಮಟ್ಟಿಗೆ ಈ ಕಟ್ಟಡದಲ್ಲಿ ಇದಕ್ಕಿಂತ ಗಂಭೀರವಾದ ವಿಷಯ ಇನ್ನೊಂದಿಲ್ಲ, ಹನ್ನೆರಡು ಅಂತಸ್ತು, ಮೂವತ್ತು ಆಫೀಸು, ಅವುಗಳ ಅಷ್ಟೂ ವ್ಯವಹಾರ ಒಂದು ಕಡೆ, ನನ್ನ ಮೂಗಿನ ತುದಿ ಒಂದು ಕಡೆ – ಎಡಗೈಯಲ್ಲಿ ಮೂಗು ಬಲಗೈಯಲ್ಲಿ ಟಾರ್ಚು ಹಿಡಿದು ಲಿಫ್ಟಿನ ನೆತ್ತಿಯ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದೇನೆ, ಗ್ರೀಸು, ಹಗ್ಗದ ಉಕ್ಕಿನ ಪುಡಿ, ಹದಿನೆಂಟು ವರ್ಷದಿಂದ ನಾನು ಮೂಸುತ್ತ ಬಂದ ಕತ್ತಲೆಯ ಧೂಳು, ಬೂಟಿನಡಿಯ ತಗಡಿನ ಕೆಳಗೆ ಎಂಟು ಜನ ಸಿಕ್ಕಿಕೊಂಡಿದ್ದಾರೆ, ಎಂಟರಲ್ಲಿ ಒಬ್ಬಳು ನನ್ನ ಅಕ್ಕ, ದನಿಯಿಂದಲೇ ಗುರುತಿಸಿದೆ, ನಾನು ಮೇಲಿರುವುದು ಅವಳಿಗೆ ಗೊತ್ತಿಲ್ಲ, ಸೀನಿದರೆ ಗೊತ್ತಾಗುತ್ತದೆ, ಅಪ್ಪನಿಂದ ನನಗೆ ಆಸ್ತಿಯೆಂದು ಬಂದದ್ದು ಆ ಸೀನು ಒಂದೇ, ಮೂರು ಸಲ, ಮೂರನೆಯದು ಮೊದಲೆರಡರ ದುಪ್ಪಟ್ಟು, ಚಿಕ್ಕಂದಿನಲ್ಲಿ ಅಕ್ಕ ಅದನ್ನು ಎಣಿಸಿ ನಗುತ್ತಿದ್ದಳು. ಕೆಳಗಿನಿಂದ ಒಂದು ಗಡಸು ದನಿ, ಇನ್ನೂ ಎಷ್ಟು ಹೊತ್ರೀ, ಯಾರಾದ್ರೂ ಇದೀರಾ ಮೇಲೆ – ಬಾಗಿಲಿಗೆ ಒದ್ದವನು ಇವನೇ ಇರಬೇಕು, ಲಿಫ್ಟು ನಿಧಾನ ಎಂದು ಸಿಟ್ಟಿಗೆದ್ದು ಒದ್ದಿದ್ದಾನೆ, ಬಾಗಿಲಿನ ಕರೆಂಟು ಸಂಪರ್ಕ ತಪ್ಪಿದೆ, ತಪ್ಪಿದ ಕ್ಷಣವೇ ಲಿಫ್ಟು ನಿಂತಿದೆ, ನಿಲ್ಲಬೇಕಾದದ್ದೇ ಹಾಗೆ, ಬೀಳಲಿಲ್ಲ, ಐದಕ್ಕೂ ಆರಕ್ಕೂ ನಡುವೆ ನಿಂತಿತು, ಲಿಫ್ಟು ಓಡಾಡುವ ಬಾವಿಯ ಹೆಚ್ಚುಕಡಿಮೆ ಮಧ್ಯ, ಹಾಗಾಗಿ ಕೌಂಟರ್‌ವೇಟೂ ಇಲ್ಲೇ ನಿಂತಿದೆ, ಹಗ್ಗದ ಇನ್ನೊಂದು ತುದಿಯ ತೂಕ, ಹದಿನೆಂಟು ಕಬ್ಬಿಣದ ಹಲಗೆಗಳ ಚೌಕಟ್ಟು, ಲಿಫ್ಟು ಒಂದು ಸಲ ಹೋಗಿ ಬರುವಾಗ ಎರಡೇ ಎರಡು ಸಲ ಎದುರಾಗುವ ನೆಂಟ, ಈಗ ಮೊಳದ ದೂರದಲ್ಲಿ ನನ್ನ ಮುಖಕ್ಕೆ ಮುಖ ಕೊಟ್ಟು ನಿಂತಿದ್ದಾನೆ, ಹೋಗೆನ್ನುವ ಹಾಗಿಲ್ಲ.

ಬಿಳಿ ಶೂ ಇದನ್ನು ನೋಡಿರಲಿಲ್ಲ, ನಾನೇ ತೋರಿಸಿದ್ದು. ಬಿಳಿ ಶೂ ಎಂದರೆ ಹನ್ನೊಂದನೆಯ ಮಹಡಿಯ ಕ್ರಿಪ್ಟೊ ಕಂಪನಿಯ ಯಜಮಾನ, ಹೆಸರು ನಾನು ಇಟ್ಟದ್ದು, ಎರಡು ವರ್ಷದ ಕೆಳಗೆ ಹಗ್ಗ ಬದಲಾಯಿಸುವಾಗ ಪಕ್ಕದಲ್ಲಿ ನಿಂತು, ಇದು ಕಿತ್ಕೊಂಡು ಬಿದ್ರೆ ನಮ್ಮ ಗತಿ ಏನ್ರೀ ಎಂದ, ನಾನು ಟಾರ್ಚಿನ ಬೆಳಕು ಬಿಟ್ಟು ತೋರಿಸಿದೆ, ಬೀಳಲ್ಲ ಸಾರ್, ಆ ಕಡೆ ಕೌಂಟರ್‌ವೇಟ್ ಇದೆ, ಇದು ಇಳಿದ್ರೆ ಅದು ಏರುತ್ತೆ, ಅದು ಇಳಿದ್ರೆ ಇದು ಏರುತ್ತೆ, ಒಂದನ್ನೊಂದು ಹಿಡ್ಕೊಂಡಿರ್ತವೆ, ಬೀಳೋ ಮಾತೇ ಇಲ್ಲ – ಅವನು, ಚೆನ್ನಾಗಿದೆಯಲ್ರೀ ಇದು ಎಂದ. ತಿಂಗಳು ಕಳೆಯಿತು, ಲಿಫ್ಟಿನೊಳಗೆ ಕನ್ನಡಿಯ ಪಕ್ಕ ಪೋಸ್ಟರು, ಎರಡು ನಾಣ್ಯಗಳ ಚಿತ್ರ, ಒಂದು ಬೆಲೆ ಕದಲದ ಸ್ಥಿರ ನಾಣ್ಯ, ಇನ್ನೊಂದು ಅದನ್ನು ಹಿಡಿದು ನಿಲ್ಲಿಸುವ ಜೋಡಿ ನಾಣ್ಯ, ಕೆಳಗೆ ದೊಡ್ಡ ಅಕ್ಷರದಲ್ಲಿ, ಇದು ಇಳಿದರೆ ಅದು ಏರುತ್ತದೆ, ಬೀಳುವ ಮಾತೇ ಇಲ್ಲ. ನನ್ನ ಮಾತು, ಅಕ್ಷರ ಅಕ್ಷರ ನನ್ನದು, ವ್ಯಾಕರಣ ಮಾತ್ರ ಅವನು ತಿದ್ದಿದ್ದ, ಕವಿಗೆ ತನ್ನ ಪದ್ಯ ಪಠ್ಯಪುಸ್ತಕದಲ್ಲಿ ಕಂಡರೆ ಹೇಗಾಗುತ್ತದೋ ಹಾಗಾಯಿತು ನನಗೆ, ಮೊಬೈಲಿನಲ್ಲಿ ಫೋಟೊ ತೆಗೆದೆ, ಬೇರೆಯವರ ಮಾತಿಗೆ ಮರುಳಾದವರು ಊರು ತುಂಬ ಇದ್ದಾರೆ, ತನ್ನದೇ ಮಾತು ಕೇಳಿ ತಾನೇ ದುಡ್ಡು ಕೊಟ್ಟವನು ನಾನೊಬ್ಬನೇ ಇರಬೇಕು, ಅದೂ ತನ್ನ ದುಡ್ಡಲ್ಲ, ಅಕ್ಕನದು. ಲಾಂಡ್ರಿಯಲ್ಲಿ ಮೂವತ್ತು ವರ್ಷ ನಿಂತೇ ಇಸ್ತ್ರಿ ಮಾಡಿದವಳು, ಡಾಕ್ಟರು ಎರಡೂ ಮೊಣಕಾಲು ಬದಲಾಯಿಸಬೇಕು ಎಂದಿದ್ದರು, ಕೂಡಿಟ್ಟದ್ದು ಒಂದು ಕಾಲಿಗೆ ಸಾಕಾಗುವಷ್ಟು, ಇಸ್ತ್ರಿಯ ಹಬೆಯೊಳಗಿನಿಂದ ಫೋಟೊ ನೋಡಿದಳು, ಬೀಳಲ್ಲ ತಾನೆ ಎಂದಳು, ಅಕ್ಕಾ, ಹದಿನಾರು ವರ್ಷ ಆಯ್ತು ನನಗೆ ಈ ಕೆಲಸದಲ್ಲಿ, ಒಂದಾದ್ರೂ ಲಿಫ್ಟು ಬಿದ್ದದ್ದು ಕೇಳಿದೀಯಾ ಎಂದೆ, ಬಿದ್ದದ್ದು ಕೇಳಿಲ್ಲ, ಸಿಕ್ಕಿಹಾಕ್ಕೊಂಡದ್ದು ದಿನಾ ಹೇಳ್ತಿರ್ತೀಯಲ್ಲ. ನಕ್ಕೆವು. ಕೊಟ್ಟಳು.

ಏರುವ ಜೋಡಿ ನಾಣ್ಯಕ್ಕೆ ಹಾಕಿದೆ, ಆಮೇಲೆ ದುಡ್ಡಿಗೆ ಕಾಲುಗಳ ಲೆಕ್ಕ. ಸಂಜೆ ಫೋನು, ಇವತ್ತು ಎಷ್ಟು ಕಾಲಾಯ್ತೋ, ಒಂದೂಕಾಲು ಕಾಲು ಅಕ್ಕ, ಒಂದೂವರೆ, ನಡುವೆ ಒಂದು ವಾರ ಒಂದೇ ಕಾಲಿಗೆ ಇಳಿದಾಗ ಅವಳೇ ಸಮಾಧಾನ ಹೇಳಿದಳು, ಇರೋದು ಇದೆಯಲ್ಲ ಬಿಡೋ, ಮತ್ತೆ ಏರಿತು, ಹಸಿರು ಗೆರೆ ಮೇಲಕ್ಕೆ ಮೇಲಕ್ಕೆ, ನಾನು ಬಾವಿಯೊಳಗಿದ್ದರೆ ಫೋನಿಗೆ ಸಿಗ್ನಲ್ ಇಲ್ಲ, ಹೊರಗೆ ಬಂದ ಕೂಡಲೇ ನೋಡುವುದು, ಊಟಕ್ಕೆ ಮುಂಚೆ, ಕೈ ತೊಳೆಯುವ ಮುಂಚೆ, ಪರದೆಯ ಮೇಲೆಲ್ಲ ಗ್ರೀಸಿನ ಬೆರಳು. ಎರಡು ಕಾಲು ತುಂಬಿದ ದಿನ ಅಕ್ಕ ಹೇಳಿದಳು, ಸಾಕು, ತೆಗೆದುಬಿಡು, ನಾನೇನು ಓಟಕ್ಕೆ ಹೋಗಬೇಕಾ – ಇದನ್ನು ಮಾತ್ರ ಎಷ್ಟು ಸಲ ತಿರುಗಿಸಿದರೂ ಬೇರೆ ಅರ್ಥ ಬರುವುದಿಲ್ಲ, ತೆಗೆದುಬಿಡು ಎಂದಳು, ನಾನು, ಇನ್ನೊಂದು ತಿಂಗಳು ತಡಿಯಕ್ಕ, ಆಸ್ಪತ್ರೆ ರೂಮಿನ ಖರ್ಚೂ ಅದರಲ್ಲೇ ಬಂದುಬಿಡ್ಲಿ ಎಂದೆ. ಮೊನ್ನೆ ಬುಧವಾರ ಯಾರೋ ದೊಡ್ಡವರು ಸ್ಥಿರ ನಾಣ್ಯವನ್ನು ರಾಶಿ ರಾಶಿ ಮಾರಿದರಂತೆ, ಅದು ಒಂದು ಚೂರು ಜಾರಿತು, ಅದನ್ನು ಎತ್ತಿ ಹಿಡಿಯಲು ಕಂಪನಿಯವರು ಜೋಡಿ ನಾಣ್ಯವನ್ನು ಇನ್ನಷ್ಟು ಹುಟ್ಟಿಸಿ ಮಾರಿದರು, ಹೆಚ್ಚು ಹುಟ್ಟಿದ್ದಕ್ಕೆ ಅದರ ಬೆಲೆ ಇಳಿಯಿತು, ಇಳಿದದ್ದಕ್ಕೆ ಇನ್ನೂ ಹೆಚ್ಚು ಹುಟ್ಟಿಸಿದರು, ಗುರುವಾರ ಒಂದು ಪಾದ ಉಳಿದಿತ್ತು, ಶುಕ್ರವಾರ ಬೆಳಿಗ್ಗೆ ಹೆಬ್ಬೆರಳು, ಮಧ್ಯಾಹ್ನ ಉಗುರು, ಸಂಜೆಗೆ ಹಣ ತೆಗೆಯುವ ಗುಂಡಿ ಬೂದು ಬಣ್ಣಕ್ಕೆ ತಿರುಗಿ ಒತ್ತಿದರೂ ಒತ್ತಿಸಿಕೊಳ್ಳಲಿಲ್ಲ. ಆಗ ಹೊಳೆಯಿತು ಈ ಮಹಾಮೇಧಾವಿಗೆ, ಕೌಂಟರ್‌ವೇಟು ಹಿಡಿಯುತ್ತದೆ ನಿಜ, ಏಕೆ ಹಿಡಿಯುತ್ತದೆಂದರೆ ಹಗ್ಗ ಮೇಲೆ ಒಂದು ಗಾಲಿಯ ಮೇಲಿದೆ, ಗಾಲಿ ತೊಲೆಯ ಮೇಲಿದೆ, ತೊಲೆ ಗೋಡೆಯ ಮೇಲಿದೆ, ಗೋಡೆ ನೆಲದ ಮೇಲಿದೆ, ಹೊಸ ಲಿಫ್ಟಾದರೆ ಮೊದಲು ನೋಡುವುದೇ ಆ ತೊಲೆಯನ್ನು, ಅಕ್ಕನ ದುಡ್ಡು ಹಾಕುವಾಗ ಮಾತ್ರ ತಲೆ ಎತ್ತಿ ಮೇಲೆ ನೋಡಲೇ ಇಲ್ಲ, ಕಂಪನಿಯವರು ತೂಕವನ್ನು ಲಿಫ್ಟಿಗೇ ನೇತುಹಾಕಿದ್ದರು, ಲಿಫ್ಟನ್ನು ತೂಕಕ್ಕೆ, ಎರಡೂ ಒಂದನ್ನೊಂದು ತಬ್ಬಿಕೊಂಡು ಗಾಳಿಯಲ್ಲಿ, ನನ್ನಂಥವನಲ್ಲದೆ ಇನ್ಯಾರು ನಂಬುತ್ತಾರೆ, ಲಿಫ್ಟಿನ ವಿಷಯ ಗೊತ್ತಿಲ್ಲದವನಾದರೂ ಹೆದರಿ ದೂರ ಉಳಿಯುತ್ತಿದ್ದ.

ಶನಿವಾರ ಬಿಳಿ ಶೂ ಫೋನು ಮಾಡಿದ, ಲಿಫ್ಟನ್ನು ಒಂದು ಗಂಟೆ ನಮಗೊಬ್ಬರಿಗೇ ಬಿಟ್ಟುಕೊಡ್ರೀ, ಕಂಪ್ಯೂಟರು ಸರ್ವಿಸಿಗೆ ಹೋಗಬೇಕು, ನಾನು ಬಂದೆ, ಬಾಗಿಲು ಮುಚ್ಚಿಕೊಳ್ಳದ ಹಾಗೆ ಹೆಗಲು ಕೊಟ್ಟು ಹಿಡಿದು ನಿಂತೆ, ಕಂಪ್ಯೂಟರು ಹೋದವು, ಪ್ರಿಂಟರು ಹೋಯಿತು, ಕಾಫಿ ಯಂತ್ರ ಹೋಯಿತು, ಕಾಫಿ ಯಂತ್ರಕ್ಕೆ ಎಂಥ ಸರ್ವಿಸು ಎಂದು ಕೇಳಬಹುದಿತ್ತು, ಕೇಳಲಿಲ್ಲ, ಕೇಳಿದರೆ ಉತ್ತರ ಸಿಗುತ್ತಿತ್ತು. ಹೋಗುವಾಗ ನನಗೊಂದು ಮಗ್ಗು ಕೊಟ್ಟ, ಅದರ ಮೇಲೆ ಬೀಳುವ ಮಾತೇ ಇಲ್ಲ, ಥ್ಯಾಂಕ್ಸ್ ಸಾರ್ ಎಂದೆ, ಅಂದೆನಲ್ಲ. ಅವರ ಆಫೀಸಿನೊಳಗೆ ಇಣುಕಿದೆ, ಗೋಡೆಯ ಕಡೆ ಮುಖ ಮಾಡಿದ ಒಂದೇ ಒಂದು ಕುರ್ಚಿ. ನಿನ್ನೆ ಭಾನುವಾರ ಅಕ್ಕ ಕೇಳಿದಳು, ಏನಂತೆ, ಸರ್ವರ್ ಬದಲಾಯಿಸ್ತಿದಾರಂತಕ್ಕ, ನಾಲ್ಕು ದಿನ ಎಂದೆ, ನಾನೇ ಹೋಗಿ ಕೇಳ್ಕೊಂಡು ಬರ್ಲಾ ಎಂದಳು, ಬೇಡಕ್ಕ, ಆ ಕಾಲಿಟ್ಕೊಂಡು ಎಲ್ಲಿಗೆ ಬರ್ತೀಯ, ನಾನು ನೋಡ್ಕೋತೀನಿ – ನೋಡಿಕೊಳ್ಳುತ್ತಿದ್ದೇನೆ, ಟಾರ್ಚು ಹಿಡಿದು.

ಸಂಪರ್ಕ ಸರಿಮಾಡಿಯಾಯಿತು, ಎರಡು ನಿಮಿಷದ ಕೆಲಸ, ನೆತ್ತಿಯ ಮೇಲಿನ ತಪಾಸಣೆ ಪೆಟ್ಟಿಗೆಯಲ್ಲಿ ಎರಡು ಗುಂಡಿ, ಮೇಲೆ, ಕೆಳಗೆ, ನಿಯಮ ಸ್ಪಷ್ಟವಾಗಿದೆ, ಹತ್ತಿರದ ಮಹಡಿಯಲ್ಲಿ ಇಳಿಸಬೇಕು, ಹತ್ತಿರದ್ದು ಆರು, ಆರರಲ್ಲಿ ಬಿಟ್ಟರೆ ಅಕ್ಕ ಉಳಿದ ಐದು ಮಹಡಿ ಮೆಟ್ಟಿಲು ಹತ್ತುತ್ತಾಳೆ, ಆ ಮೊಣಕಾಲಲ್ಲಿ, ಕಂಬಿ ಹಿಡಿದು, ಹತ್ತಿ ಹೋಗಿ ಆ ಕುರ್ಚಿ ನೋಡುತ್ತಾಳೆ, ಹನ್ನೊಂದಕ್ಕೇ ಒಯ್ದರೆ ಹತ್ತದೆ ನೋಡುತ್ತಾಳೆ, ಅಷ್ಟೇ ವ್ಯತ್ಯಾಸ. ಕೆಳಗೆ ಗಡಸು ದನಿ, ನಿಮಗೆ ಯಾರಮ್ಮ ಹೇಳಿದ್ದು ಇದರಲ್ಲಿ ಹಾಕಿ ಅಂತ, ಅಕ್ಕನ ದನಿ, ನನ್ನ ತಮ್ಮ, ಅವನು ಲಿಫ್ಟು ರಿಪೇರಿ ಮಾಡೋನು, ಲಿಫ್ಟಿನವನಿಗೆ ಇದೆಲ್ಲ ಏನು ಗೊತ್ತಮ್ಮ, ಹಂಗನ್ಬೇಡಿ, ಯಾವುದು ಬೀಳುತ್ತೆ ಯಾವುದು ಬೀಳಲ್ಲ ಅಂತ ಅವನಿಗೆ ಗೊತ್ತು, ನನಗೆ ಸುಳ್ಳು ಹೇಳೋನಲ್ಲ, ನಾನೇ ಎತ್ತಿ ಬೆಳೆಸಿದ್ದು – ಮೂಗು ಬಿಟ್ಟೆನೋ, ಕೈಯೇ ಸಡಿಲಿತೋ, ಒಂದು, ಬಾವಿ ತುಂಬ ಮೊಳಗಿತು, ಎರಡು, ಕೆಳಗೆ ಎಲ್ಲರೂ ಸುಮ್ಮನಾದರು, ಮೂರು. ಆಮೇಲೆ ಅಕ್ಕ, ಮೆಲ್ಲಗೆ, ಎಷ್ಟು ಹೊತ್ತಿಂದ ಕೂತಿದೀಯೋ ಅಲ್ಲಿ. ಮುಚ್ಚಳ ಎತ್ತಿದೆ, ಎಂಟು ಮುಖ ಮೇಲಕ್ಕೆ, ಅವಳು ಮೂಲೆಯಲ್ಲಿ ಗೋಡೆಗೆ ಒರಗಿ ಒಂದು ಕಾಲಿಗೆ ಬಿಡುವು ಕೊಟ್ಟು ನಿಂತಿದ್ದಾಳೆ, ಪೋಸ್ಟರಿನ ಪಕ್ಕದಲ್ಲಿ. ಹನ್ನೊಂದರಲ್ಲಿ ಯಾರೂ ಇಲ್ಲಕ್ಕ, ಶನಿವಾರಾನೇ ಹೋದ್ರು. ನಿನಗೆ ಹೇಗೆ ಗೊತ್ತು. ಬಾಗಿಲು ಹಿಡ್ಕೊಂಡಿದ್ದು ನಾನೇ. ಗಡಸು ದನಿಯವನು ಏನೋ ಕೂಗಲು ಬಾಯಿ ತೆರೆದ, ಅಕ್ಕ ಅವನ ತೋಳಿನ ಮೇಲೆ ಕೈಯಿಟ್ಟಳು, ಮೇಲೆ ನೋಡಲಿಲ್ಲ, ಕೆಳಗೆ ಬಿಡು ಎಂದಳು. ಗುಂಡಿ ಒತ್ತಿದೆ, ತಪಾಸಣೆಯ ವೇಗ, ಶವಯಾತ್ರೆಯದೂ ಇದಕ್ಕಿಂತ ಚುರುಕು, ನಾವು ಇಳಿಯುತ್ತಿದ್ದೇವೆ, ಅದು ಏರುತ್ತಿದೆ, ಒಂದೊಂದೇ ಹಲಗೆ ಕಣ್ಣೆದುರಿಂದ ಮೇಲಕ್ಕೆ, ಕಬ್ಬಿಣ, ಕಬ್ಬಿಣ, ಹೇಳಿದ ಹಾಗೆಯೇ, ಇದು ಇಳಿದರೆ ಅದು, ಹದಿನೆಂಟು ಹಲಗೆ, ಹದಿನೆಂಟು ಹಲಗೆ, ಮೇಲೆ ತೊಲೆಯವರೆಗೆ, ಹದಿನೆಂಟು ಹಲಗೆ –

ಲಿಫ್ಟು ನೆಲಮಹಡಿ ಮುಟ್ಟಿತು. ಎಂಟು ಜನ ಇಳಿದರು. ಯಾರಿಗೂ ಪೆಟ್ಟಾಗಿರಲಿಲ್ಲ.