ಐಸ್‌ಕ್ಯಾಂಡಿ ಕಡ್ಡಿ

ಗಂಡಸಿನ ಗುಟ್ಟು ಅವನ ಹೆಂಡತಿಗೆ ಅರ್ಧ ಗೊತ್ತಿದ್ರೆ, ಅವನ ಬಟ್ಟೆ ಒಗೆಯೋಳಿಗೆ ಪೂರ್ತಿ ಗೊತ್ತಿರತ್ತೆ. ಸುರಂಗ ಕೊರೆಯೋ ಕಂಪನಿ ಶೆಡ್ಡಲ್ಲಿ ನಾನು ಹನ್ನೊಂದು ವರ್ಷದಿಂದ ಬಟ್ಟೆ ಒಗೀತಿದೀನಿ. ಅಷ್ಟನ್ನೂ ಒಂದರ ಮೇಲೊಂದು ಪೇರಿಸಿದ್ರೆ ಚಂದ್ರನ ಮೇಲೆ ಹತ್ತಿ ಆಚೆ ಕಡೆ ಇಳೀಬಹುದು. ಸಿಗರೇಟು ಬಿಟ್ಟೆ ಅಂತ ಆಣೆ ಮಾಡಿದೋನು ಯಾರು, ಹೆಂಡತಿಗೆ ಹೆದರಿ ಲಾಟರಿ ಚೀಟಿ ಬಚ್ಚಿಡೋನು ಯಾರು, ಎಲ್ಲಾ ಜೇಬೇ ಹೇಳತ್ತೆ.

ಬೊಚ್ಚಣ್ಣನ ಜೇಬಲ್ಲಿ ಐಸ್‌ಕ್ಯಾಂಡಿ ಕಡ್ಡಿ ಇರ್ತಿತ್ತು.

ಬೊಚ್ಚಣ್ಣ ಅಂದ್ರೆ ಸುರಂಗದಿಂದ ಬಂಡೆ ಹೊತ್ತು ತರೋ ನಮ್ಮ ಲೋಡರ್ ಗಾಡಿಯ ಡ್ರೈವರ್ರು. ಮುಂದಿನ ನಾಲ್ಕು ಹಲ್ಲು ಎಂದೋ ಹೋಗಿವೆ. ಉಳಿದವಕ್ಕೆ ತಣ್ಣೀರು ತಾಗಿದ್ರೆ ಏಳು ಊರಿಗೆ ಕೇಳೋ ಹಾಗೆ ಕಿರುಚ್ತಾನೆ. ಅಂಥೋನು ಐಸ್‌ಕ್ಯಾಂಡಿ ತಿಂತಾನಾ? ವಾರಕ್ಕೆ ಎರಡು ಮೂರು ಕಡ್ಡಿ, ತುದೀನ ಚಾಕುವಿಂದ ಹೆರೆದು ತೆಳ್ಳಗೆ ಮಾಡಿರೋದು. ಯಾವಳಿಗೋ ಕೊಡಿಸ್ತಿದಾನೆ ಅಂತ ಐದು ವಾರ ನಾನು ಅವನನ್ನ ಕಾಡಿದ್ದೇ ಕಾಡಿದ್ದು.

"ಏನಪ್ಪಾ ಮದುಮಗನೇ, ನಿನ್ನೆ ಯಾವ ಬಣ್ಣದ್ದು ತಿಂದ್ಲು?"

"ಹೋಗಜ್ಜಿ, ನಿನಗೆ ಬೇರೆ ಕೆಲಸ ಇಲ್ಲ," ಅಂತ ಕಿವಿ ಕೆಂಪು ಮಾಡ್ಕೊಂಡು ಹೋಗ್ತಿದ್ದ. ಕೆಂಪಾದ ಕಿವಿ ನೋಡಿ ನನಗೆ ಇನ್ನೂ ಖುಷಿ. ಕಡ್ಡಿ ಮಾತ್ರ ಎಸೀಲಿಲ್ಲ, ಸೋಪಿನ ಪುಡಿ ಡಬ್ಬದ ಪಕ್ಕ ಒಂದು ಬಾಟಲಿಗೆ ಹಾಕಿಟ್ಟೆ. ನಾನು ಏನನ್ನೂ ಎಸೆಯೋಳಲ್ಲ. ನನ್ನ ಗಂಡನ್ನೇ ಮೂವತ್ತು ವರ್ಷ ಇಟ್ಕೊಂಡಿದ್ದೆ.

ಅದೇ ಶೆಡ್ಡಲ್ಲಿ ನನ್ನ ಸೊಸೆ ಮೆಕ್ಯಾನಿಕ್. ನನ್ನ ಮಗ ಟೈಲರ್, ಬೆರಳಿಗೆ ಸೂಜಿ ಚುಚ್ಚಿದ್ರೆ ಮೂರು ದಿನ ಮಲಗೋ ಪೈಲ್ವಾನ. ಅವನು ಇವಳನ್ನ ಮೊದಲ ಸಲ ಮನೆಗೆ ಕರ್ಕೊಂಡು ಬಂದಾಗ, ಅಡುಗೆ ಬರತ್ತೇನೇ ಅಂತ ಕೇಳ್ದೆ. "ಬರಲ್ಲ. ನಿಮ್ಮ ಮಿಕ್ಸಿ ಕೆಟ್ಟಿದ್ರೆ ಕೊಡಿ, ಸರಿ ಮಾಡ್ತೀನಿ," ಅಂದ್ಲು. ಕೆಟ್ಟಿತ್ತು. ಮದುವೆ ಆಯ್ತು.

ಅವತ್ತು ಬೆಳಿಗ್ಗೆ ಲೋಡರ್ ಸುರಂಗದ ಬಾಯಲ್ಲೇ ಸುಸ್ತಾಗಿ ನಿಂತ್ಕೊಂಡಿತ್ತು. ಅದನ್ನ ನಾವು ಕೋಣ ಅಂತೀವಿ. ಐದು ವಾರದಲ್ಲಿ ಹೀಗಾಗಿದ್ದು ಅದು ಮೂರನೇ ಸಲ: ಎಂಜಿನ್ ಓಡತ್ತೆ, ಎಳೆಯೋಕೆ ಮಾತ್ರ ಶಕ್ತಿ ಇಲ್ಲ, ಅತ್ತೆ ಮನೇಲಿರೋ ಅಳಿಯನ ಹಾಗೆ. ಮ್ಯಾನೇಜರ್ ಬಂದ. ಅವನ ಹೆಸರು ಗಡಿಯಾರ. ನಿಜವಾದ ಹೆಸರು ಅವನಮ್ಮನಿಗೂ ಮರೆತುಹೋಗಿರತ್ತೆ. ಮುಖ ನೋಡಿ ಮಾತಾಡಿದ ದಿನ ಇಲ್ಲ, ಮಣಿಕಟ್ಟು ನೋಡ್ಕೊಂಡೇ ಮಾತು.

"ಮತ್ತೆ ಅದೇ ಫಿಲ್ಟರಾ?" ಅಂದ.

"ಹೌದು ಸಾರ್, ಮಸಿ ಕಟ್ಕೊಂಡಿದೆ. ಹಿಂದೆ ಎರಡು ಸಲ ಗಾಳಿ ಊದಿ ಓಡಿಸ್ದೆ, ಮತ್ತೆ ತುಂಬಿದೆ," ಅಂದ್ಲು ಸೊಸೆ.

ಈ ಫಿಲ್ಟರ್ ಅಂದ್ರೆ ಕೊಡದಷ್ಟು ದೊಡ್ಡ ಕಬ್ಬಿಣದ ಡಬ್ಬ. ಒಳಗೆ ಜೇನುಗೂಡಿನ ಹಾಗೆ ಸಾವಿರ ತೂತು. ಡೀಸೆಲ್ ಹೊಗೆ ಅದರೊಳಗೆ ನುಗ್ಗಿ ಬರಬೇಕು, ಮಸಿ ಅಲ್ಲೇ ಸಿಕ್ಕಿಕೊಳ್ಳತ್ತೆ. ತುಂಬಿದಾಗ ಗಾಡಿ ಒಂದು ದೀಪ ಹತ್ತಿಸಿ, ತನ್ನ ಹೊಟ್ಟೆ ತಾನೇ ಕೆಂಡದ ಹಾಗೆ ಕಾಯಿಸಿ ಮಸೀನ ಸುಟ್ಟು ಹಾಕತ್ತೆ. ಒಮ್ಮೊಮ್ಮೆ ಅದಕ್ಕೆ ಬಯಲಲ್ಲಿ ಮುಕ್ಕಾಲು ಗಂಟೆ ಸುಮ್ಮನೆ ನಿಂತಿರಬೇಕು. ನನಗೆ ಓದು ಎರಡನೇ ಕ್ಲಾಸು, ಅದೂ ಎರಡು ಸಲ. ಇದೆಲ್ಲಾ ಊಟದ ಹೊತ್ತಲ್ಲಿ ಸೊಸೆ ಹೇಳಿ ಹೇಳಿ ತಲೆಗೆ ಹತ್ತಿದ್ದು.

"ಕತ್ತರಿಸಿ ಒಳಗಿರೋದನ್ನ ತೆಗೆದು ಬಿಸಾಕು. ಖಾಲಿ ಡಬ್ಬ ವಾಪಸ್ ಕೂರಿಸು. ಹೊರಗಿಂದ ನೋಡಿದೋರಿಗೆ ಏನು ಗೊತ್ತಾಗತ್ತೆ? ಕಂಪ್ಯೂಟರಿಗೆ ಸುಳ್ಳು ಹೇಳಿಕೊಡೋಕೆ ನನ್ನ ಹತ್ರ ಜನ ಇದಾರೆ," ಅಂದ ಗಡಿಯಾರ.

"ಸುರಂಗದೊಳಗೆ ಹೋಗೋ ಗಾಡಿ ಸಾರ್. ಒಳಗೆ ಹದಿನಾಲ್ಕು ಜನ ಇರ್ತಾರೆ."

"ಫ್ಯಾನ್ ಇದೆಯಲ್ಲ."

"ನಿಮ್ಮ ಆಫೀಸಲ್ಲೂ ಫ್ಯಾನ್ ಇದೆ. ಹೊಗೆ ಪೈಪು ಅಲ್ಲಿಗೆ ತಿರುಗಿಸ್ಲಾ?"

ಅವತ್ತೊಂದು ಸಲ ಅವನು ವಾಚು ಬಿಟ್ಟು ಮುಖ ನೋಡಿದ. "ಎರಡು ಗಂಟೆಗೆ ವೆಲ್ಡರ್ ಬರ್ತಾನೆ. ಇದು ಯಾಕೆ ಪದೇ ಪದೇ ಕಟ್ಕೊಳ್ಳತ್ತೆ ಅಂತ ಅಷ್ಟರೊಳಗೆ ನನಗೆ ಕಾರಣ ಬೇಕು. ಇಲ್ಲಾಂದ್ರೆ ಅವನು ಕತ್ತರಿಸ್ತಾನೆ, ನೀನು ಬೇರೆ ಕಡೆ ಕೆಲಸ ನೋಡ್ಕೋ."

ಅವನು ಹೋದ ಮೇಲೆ ಸೊಸೆ ಡಬ್ಬ ಬಿಚ್ಚೋಕೆ ಕೂತ್ಲು. ನಾನು ಬಟ್ಟೆ ಅದ್ದೋದು ಬಿಟ್ಟು ಹತ್ರ ಹೋದೆ. ಕೆಲಸ ಹೋಗ್ಲಿ, ಇವಳ ಕೈಗೆ ಕೆಲಸ ಹತ್ತು ಕಡೆ ಸಿಗತ್ತೆ. ನನಗೆ ನೆನಪಾಗಿದ್ದು ಬೇರೆ. ನಮ್ಮೋರು, ಅಂದ್ರೆ ನನ್ನ ಗಂಡ, ಇಂಥದೇ ಲೋಡರ್ ಓಡಿಸ್ತಿದ್ರು, ಇಂಥದೇ ಸುರಂಗದಲ್ಲಿ, ಈ ಡಬ್ಬ ಇಲ್ಲದ ಕಾಲದಲ್ಲಿ. ಅವರಿಗೆ ಅಂತ ನಾನು ಎರಡು ಬಿಳಿ ಕರ್ಚೀಫು ತಂದಿದ್ದೆ. ಒಂದರಲ್ಲಿ ಮೂಗು ಒರೆಸಿ ಒರೆಸಿ ಅದು ಇದ್ದಿಲಾಯ್ತು. ಕುದಿಸಿದೆ, ಕಲ್ಲು ಸೀಳೋ ಹಾಗೆ ಬಡಿದೆ, ಬೆಳ್ಳಗಾಗ್ಲಿಲ್ಲ. ಒಂದು ಸಿಗರೇಟು ಮುಟ್ಟಿದೋರಲ್ಲ. ಕೊನೇ ವರ್ಷ ಮೂರು ಮೆಟ್ಟಿಲು ಹತ್ತೋಕೆ ಮೂರು ಸಲ ಕೂರ್ತಿದ್ರು. ಇನ್ನೊಂದು ಕರ್ಚೀಫು ಮಡಿಕೆ ಬಿಚ್ಚದೆ ಪೆಟ್ಟಿಗೇಲೇ ಉಳೀತು.

ಸೊಸೆ ಒಂದು ಬಿಳಿ ಚಿಂದೀನ ಹೊಗೆ ಹೊರಗೆ ಹೋಗೋ ಕಡೆಯಿಂದ ತೂರಿಸಿ ಒರೆಸಿದ್ಲು. ಬಿಳಿಯಾಗೇ ಬಂತು. "ನೋಡಿ ಅತ್ತೆ, ಈ ಕಡೆಗೆ ಚೂರೂ ಮಸಿ ದಾಟಿಲ್ಲ. ಒಳಗೆ ಎಲ್ಲೂ ಒಡೆದಿಲ್ಲ, ಫಿಲ್ಟರ್ ಗಟ್ಟಿಯಾಗಿದೆ." ಆಮೇಲೆ ಎಂಜಿನ್ ಕಡೆ ಹೋಗಿ ಒಂದೊಂದೇ ಪೈಪು ಮುಟ್ಟಿ, ಮೂಸಿ, ಟಾರ್ಚ್ ಹಾಕಿ ನೋಡಿದ್ಲು. ಆಯಿಲ್ ಸೋರಿಲ್ಲ. ಒತ್ತಡ ಅಳೆಯೋ ಸಣ್ಣ ರಬ್ಬರ್ ಕೊಳವೆ ಹರಿದಿಲ್ಲ. ಗಂಟೆ ಹನ್ನೆರಡೂವರೆ.

"ಎಲ್ಲಾ ಸರಿಯಿದೆ. ಆದ್ರೂ ಹೊಟ್ಟೆ ಉಬ್ಬರ," ಅಂದ್ಲು.

"ಒಳ್ಳೆ ಸೊಸೆ ಹಾಗೆ. ಹೊರಗಿಂದ ತಪ್ಪೇ ಸಿಗಲ್ಲ," ಅಂದೆ.

ನಗಲಿಲ್ಲ ಅವಳು. ಲ್ಯಾಪ್‌ಟಾಪ್ ವೈರು ಗಾಡಿಗೆ ಚುಚ್ಚಿ ಓದ್ತಾ ಕೂತ್ಲು. ಸ್ವಲ್ಪ ಹೊತ್ತಿಗೆ ಬೆನ್ನು ನೆಟ್ಟಗಾಯ್ತು.

"ಅತ್ತೆ, ಇದು ಮಸಿ ಸುಟ್ಟು ಐದು ವಾರ ಆಗಿದೆ. ಮೂವತ್ತೊಂದು ಸಲ ಸುಡೋಕೆ ಹೊರಟಿದೆ, ಮೂವತ್ತೊಂದು ಸಲವೂ ಯಾರೋ ಕ್ಯಾಬಿನ್ನಲ್ಲಿ ಸುಡೋದನ್ನ ನಿಲ್ಲಿಸೋ ತಡೆ ಗುಂಡಿ ಒತ್ತಿದಾರೆ. ಆದ್ರೆ ಅದು ಬೆರಳು ತೆಗೆದ ತಕ್ಷಣ ಮೇಲೆ ಬರೋ ಗುಂಡಿ. ಡ್ರೈವರಿನ ಎರಡು ಕೈಗೂ ಕೆಲಸ ಇರತ್ತೆ. ಇಡೀ ದಿನ ಯಾರು ಒತ್ಕೊಂಡು ಕೂರ್ತಾರೆ?"

"ಎಷ್ಟು ವಾರ ಅಂದೆ?"

"ಐದು."

ನಾನು ಎದ್ದು ಹೋಗಿ ಬಾಟಲಿ ತಂದೆ. ಹದಿಮೂರು ಕಡ್ಡಿ. ಸೊಸೆ ಒಂದನ್ನ ತಗೊಂಡು ಕ್ಯಾಬಿನ್ ಹತ್ತಿ, ಗುಂಡಿ ಒತ್ತಿ ಅದರ ಪಕ್ಕದ ಸಂದಿಗೆ ತೂರಿಸಿದ್ಲು. ಬೀಗಕ್ಕೆ ಕೀಲಿ ಕೂತ ಹಾಗೆ ಕೂತ್ಕೊಳ್ತು. ಗುಂಡಿ ಒಳಗೇ ಉಳೀತು.

ಐದು ವಾರ ನಾನು ಹುಡುಕಿದ್ದ ಹುಡುಗಿ ಆ ಗುಂಡಿ.

ಬೊಚ್ಚಣ್ಣ ಟೈರಿನ ರಾಶಿ ಹಿಂದೆ ಊಟ ಮಾಡ್ತಿದ್ದ. ನಾನು ಕಡ್ಡಿ ತೋರಿಸ್ದೆ. ತುತ್ತು ಅಲ್ಲೇ ನಿಂತ್ಕೊಳ್ತು.

"ಗುಂಡಿ ಒತ್ತಿಡು ಅಂತ ಗಡಿಯಾರ ಹೇಳಿದ್ದಜ್ಜಿ," ಅಂದ ಮೆಲ್ಲಗೆ. "ದೀಪ ಹತ್ತಿತು ಅಂತ ಗಾಡಿ ನಿಲ್ಲಿಸಿದ್ರೆ ಮಾರನೇ ದಿನ ಬೇರೆ ಡ್ರೈವರ್ರು ಅಂದ. ಸಂಜೆ ಕಡ್ಡಿ ತೆಗೆದು ಜೇಬಿಗೆ ಹಾಕ್ಕೊಂತಿದ್ದೆ, ನಿನ್ನ ಸೊಸೆ ಕಣ್ಣಿಗೆ ಬೀಳಬಾರದು ಅಂತ."

"ಸೊಸೆ ಕಣ್ಣು ತಪ್ಪಿಸಿ ಅತ್ತೆ ಕೈಗೆ ಕೊಟ್ಟೆಯಲ್ಲೋ, ಜಾಣ."

"ಈಗ ನನ್ನ ಹೆಸರು ಹೇಳ್ತಾಳಾ?"

ಹಿಂದೆ ಸೊಸೆ ಬಂದು ನಿಂತಿದ್ಲು. "ನಾನು ಹೇಳಲ್ಲ ಅಣ್ಣ. ಆ ಡಬ್ಬದಿಂದ ಏನು ಬರತ್ತೋ ಅದನ್ನ ದಿನಾ ಕುಡಿಯೋನು ನೀನು. ಹೇಳೋದಿದ್ರೆ ನೀನೇ ಹೇಳು," ಅಂದು ಹೊರಟೇಹೋದ್ಲು.

ಎರಡು ಗಂಟೆಗೆ ವೆಲ್ಡರ್ ಸಿಲಿಂಡರ್ ತಳ್ಕೊಂಡು ಬಂದ. ಹಿಂದೆ ಗಡಿಯಾರ. ಊಟ ಮುಗಿಸಿದ ಗಂಡಸರೆಲ್ಲ ಹೆಲ್ಮೆಟ್ ಕಂಕುಳಲ್ಲಿ ಇಟ್ಕೊಂಡು ಸುತ್ತ ನಿಂತ್ರು.

"ಏನು ಕಾರಣ?"

"ತಡೆ ಗುಂಡಿ ಒತ್ತಿ ಸಿಕ್ಕಿಸಿಟ್ಟಿದಾರೆ ಸಾರ್. ಅದಕ್ಕೆ ಸುಡೋಕೆ ಬಿಟ್ಟಿಲ್ಲ. ಮಸಿ ಇನ್ನೂ ಕೆಂಪು ಗೆರೆ ದಾಟಿಲ್ಲ. ದಾಟಿದ ಮೇಲೆ ಒಳಗೇ ಸುಡೋಕೆ ಹೋಗಿದ್ರೆ ಫಿಲ್ಟರ್ ಒಡೀತಿತ್ತು. ಇವತ್ತು ಮುಕ್ಕಾಲು ಗಂಟೆ ಕೊಟ್ರೆ ಸಾಕು."

"ಒತ್ತಿದ್ದು ಯಾರು?"

ಸೊಸೆ ಸ್ಪ್ಯಾನರ್ ಒರೆಸ್ತಾ ನಿಂತ್ಲು. ಬೊಚ್ಚಣ್ಣ ತನ್ನ ಬೂಟು ನೋಡ್ತಿದ್ದ. ಆ ಬೂಟು ಅಷ್ಟು ಚೆಂದ ಅಂತ ನನಗೆ ಗೊತ್ತೇ ಇರಲಿಲ್ಲ.

"ಯಾರೂ ಇಲ್ಲ ತಾನೇ? ಕತ್ತರಿಸಪ್ಪಾ," ಅಂದ ಗಡಿಯಾರ.

ಡಬ್ಬ ನೆಲದ ಮೇಲಿತ್ತು. ನಾನು ಹೋಗಿ ಅದರ ಮೇಲೆ ಕೂತೆ. ಯೋಚನೆ ಮಾಡಿ ಕೂತಿದ್ದಲ್ಲ, ಮೊಣಕಾಲು ನೋಯ್ತಿತ್ತು ಅಂತ ಆಮೇಲೆ ಎಲ್ಲರಿಗೂ ಹೇಳಿದೀನಿ. ನಂಬೋರು ನಂಬ್ಲಿ.

"ಅಜ್ಜಿ, ಏಳಿ," ಅಂದ ಗಡಿಯಾರ.

"ಎಪ್ಪತ್ತೊಂದು ವರ್ಷ ಸಾರ್. ಕೂರೋದು ಸುಲಭ, ಏಳೋದಕ್ಕೆ ಕ್ರೇನ್ ಬೇಕು."

"ತಮಾಷೆ ಸಾಕು. ಇದು ಕಂಪನಿ ಸಾಮಾನು."

"ನಮ್ಮೋರ ಎದೆಗೂಡೂ ಕಂಪನೀದೇ ಅಂದ್ಕೊಂಡಿದ್ರು ನಿಮ್ಮಂಥೋರು. ಈ ಡಬ್ಬ ಹಿಡೀಬೇಕಾದ್ದನ್ನ ಇಪ್ಪತ್ತು ವರ್ಷ ಅದರಲ್ಲೇ ಹಿಡಿಸಿದ್ರು. ಅದನ್ನ ಬಿಚ್ಚಿ ತೊಳೆಯೋಕೆ ಯಾವ ಮೆಕ್ಯಾನಿಕ್ಕಿಗೂ ಬರಲಿಲ್ಲ. ಇದನ್ನ ಕತ್ತರಿಸಬೇಕಾದ್ರೆ ನನ್ನಿಂದ ಶುರು ಮಾಡ್ಲಿ."

ವೆಲ್ಡರ್ ಕನ್ನಡಕ ಹಣೆಗೆ ಏರಿಸಿದ. "ಸಾರ್, ನಾನು ಕಬ್ಬಿಣ ಕತ್ತರಿಸ್ತೀನಿ, ತಾಮ್ರ ಕತ್ತರಿಸ್ತೀನಿ. ಅಜ್ಜೀನ ಕತ್ತರಿಸೋದು ನಾನು ಕಲಿತಿಲ್ಲ."

ಯಾರೋ ಕಿಸಕ್ಕಂದ್ರು. ಗಡಿಯಾರ ಸೊಸೆ ಕಡೆ ತಿರುಗಿ, "ನಿನ್ನ ಲೆಕ್ಕ ಇವತ್ತಿಗೆ ಮುಗೀತು," ಅಂದ.

ಆಗ ಬೊಚ್ಚಣ್ಣ ಮುಂದೆ ಬಂದ. ಜೇಬಿಂದ ಕಡ್ಡಿ ತೆಗೆದು ಗಡಿಯಾರದ ಅಂಗೈಯಲ್ಲಿಟ್ಟ. ಅವತ್ತಿನದು, ಹೊಸದು.

"ಒತ್ತಿದ್ದು ನಾನು. ಒತ್ತು ಅಂದಿದ್ದು ನೀವು. ಖಾಲಿ ಡಬ್ಬದ ಗಾಡೀನ ನಾನು ಒಳಗೆ ತಗೊಂಡು ಹೋಗಲ್ಲ."

"ನೀನಲ್ಲದಿದ್ರೆ ಇನ್ನೊಬ್ಬ."

ಇನ್ನೊಬ್ಬ ಯಾರು ಅಂತ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು. ಹೆಲ್ಮೆಟ್ ಕಂಕುಳಿಂದ ತಲೆಗೆ ಹೋಗಲಿಲ್ಲ. ಒಬ್ಬ ತನ್ನದನ್ನ ಬೋರಲು ಹಾಕಿ ಅದರ ಮೇಲೆ ಕೂತ. ಇನ್ನೊಬ್ಬನೂ ಕೂತ. ನೋಡನೋಡ್ತಾ ಹದಿನಾಲ್ಕೂ ಜನ ಕೂತ್ರು. ಕೂರೋದರಲ್ಲಿ ಇಷ್ಟು ಬಲ ಇದೆ ಅಂತ ಗೊತ್ತಿದ್ರೆ ನಾನು ಇಪ್ಪತ್ತನೇ ವಯಸ್ಸಲ್ಲೇ ಕೂರ್ತಿದ್ದೆ.

"ಮುಕ್ಕಾಲು ಗಂಟೆ ಗಾಡಿ ನಿಂತ್ರೆ ಮೇಲಿನೋರಿಗೆ ಉತ್ತರ ಯಾರು ಕೊಡ್ತಾರೆ?"

ಸೊಸೆ ಕೈ ಒರೆಸ್ಕೊಂಡು ಒಂದು ಹಾಳೆ ತಂದು, ಅಂಚಲ್ಲಿ ಮಸಿ ಹೆಬ್ಬೆಟ್ಟು ಮೂಡಿದ್ರೂ ಹಾಗೇ ಬರೆದ್ಲು. "ನಿಲ್ಲಿಸಿದ್ದು ನಾನು, ಕಾರಣ ಇದು, ಕೆಳಗೆ ನನ್ನ ಸಹಿ. ಈಗ ನೀವೂ ಬರೆದು ಕೊಡಿ ಸಾರ್: ಫಿಲ್ಟರ್ ಕತ್ತರಿಸು ಅಂದೆ ಅಂತ. ಆಮೇಲೆ ಅತ್ತೇನ ನಾನೇ ಎಬ್ಬಿಸ್ತೀನಿ."

ಪೆನ್ನು ಚಾಚಿದ್ಲು. ಅವನು ಪೆನ್ನು ನೋಡಿದ, ವಾಚು ನೋಡಿದ, ಕೈಲಿದ್ದ ಕಡ್ಡಿ ನೋಡಿದ. ಬಾಯಲ್ಲಿ ಹೇಳೋಕೆ ಇದ್ದ ಧೈರ್ಯ ಬರೆಯೋಕೆ ಇರಲಿಲ್ಲ.

"ಐದು ಗಂಟೆಗೆ ಗಾಡಿ ಎಳೀಬೇಕು," ಅಂದು ಆಫೀಸಿಗೆ ಹೋದ.

ಬೊಚ್ಚಣ್ಣನೂ ವೆಲ್ಡರ್ರೂ ಸೇರಿ ನನ್ನನ್ನ ಎಬ್ಬಿಸಿದ್ರು. ಡಬ್ಬ ವಾಪಸ್ ಕೂರಿಸಿ, ಕೋಣನ್ನ ಒಣ ಹುಲ್ಲಿಲ್ಲದ ಕಡೆ ನಿಲ್ಲಿಸಿ, ಯಾರೂ ಪೈಪಿನ ಹತ್ರ ಹೋಗಬೇಡಿ ಅಂತ ಹಗ್ಗ ಕಟ್ಟಿ, ಸೊಸೆ ಸುಡೋಕೆ ಹಚ್ಚಿದ್ಲು. ಅದು ಗುರ್ ಅಂತು, ಮೇಲಿನ ಗಾಳಿ ನೀರಿನ ಹಾಗೆ ನಡುಗ್ತು. ಹಗ್ಗದಾಚೆ ನಾನು ಹರವಿದ್ದ ನಲವತ್ತು ಬಟ್ಟೆ ಆ ಬಿಸಿಗೆ ಒಣಗಿ, ಇಸ್ತ್ರಿಯಾಗಿ, ತಾವೇ ಮಡಿಸ್ಕೊಂಡ್ವು. ಐದಕ್ಕೆ ಸೈರನ್ ಆದಾಗ ಕೋಣ ಬಂಡೆ ತುಂಬ್ಕೊಂಡು ದಿಬ್ಬ ಹತ್ತಿತ್ತು. ಗಡಿಯಾರ ಕಿಟಕಿಯಿಂದ ನೋಡಿದ. ಲೆಕ್ಕ ಮುಗೀತು ಅಂದಿದ್ದನ್ನ ಮತ್ತೆ ಎತ್ತಲಿಲ್ಲ, ತಪ್ಪಾಯ್ತು ಅಂತಲೂ ಅನ್ನಲಿಲ್ಲ. ಸೊಸೆ ಆ ಹಾಳೇನ ಮಡಿಸಿ ಟೂಲ್ ಬಾಕ್ಸಿನ ತಳಕ್ಕೆ ಹಾಕಿದ್ಲು.

ಮಾರನೇ ಬೆಳಿಗ್ಗೆ, ಗಾಡಿ ಹಚ್ಚೋಕೆ ಮುಂಚೆ, ಪೈಪು ತಣ್ಣಗಿದ್ದಾಗ, ನಾನು ಪೆಟ್ಟಿಗೇಲಿದ್ದ ಆ ಎರಡನೇ ಕರ್ಚೀಫು ಬೆರಳಿಗೆ ಸುತ್ಕೊಂಡು ಹೊಗೆ ಪೈಪಿನ ಬಾಯಿ ಸುತ್ತ ಒರೆಸ್ದೆ. ಹಳೇ ಮಸಿ ಅಂತ ಒಂದು ಚುಕ್ಕೆಯೂ ಇಲ್ಲ. ಅಷ್ಟರಲ್ಲಿ ಗಡಿಯಾರ ಬಂದ. ಅದನ್ನ ಬಿಡಿಸಿ ಅವನ ಮುಂದೆ ಹಿಡಿದೆ.

"ಮೂಗು ಒರೆಸ್ಕೊಳ್ಳಿ ಸಾರ್. ನಿಮ್ಮ ಮುಖಕ್ಕಿಂತ ಬೆಳ್ಳಗಿದೆ."

ತಗೊಳ್ಳಲಿಲ್ಲ. "ಸೋಪು ಜಾಸ್ತಿ ಖರ್ಚಾಗ್ತಿದೆ, ಗಮನ ಇರಲಿ," ಅಂತ ಹೊರಟ.

ಈಗ ಪ್ರತಿ ಸೋಮವಾರ ಒರೆಸ್ತೀನಿ. ಬೊಚ್ಚಣ್ಣ ದೀಪ ಹತ್ತಿದಾಗೆಲ್ಲ ಗಾಡಿ ಬಯಲಿಗೆ ತಂದು ನಿಲ್ಲಿಸಿ, ಟೈರ್ ಮೇಲೆ ಕೂತು ಕಾಲು ಆಡಿಸ್ತಾನೆ. ಜೇಬಲ್ಲಿ ಕಡ್ಡಿ ಇಲ್ಲ, ಕಾಡೋಕೆ ನನಗೆ ಬೇರೆ ವಿಷಯ ಹುಡುಕಬೇಕು. ಕರ್ಚೀಫು ಇನ್ನೂ ಬೆಳ್ಳಗಿದೆ. ಕಪ್ಪಾದ ದಿನ ನನ್ನನ್ನ ಎಬ್ಬಿಸೋಕೆ ಅವರು ಕ್ರೇನ್ ತರಬೇಕಾಗತ್ತೆ. ಆ ಕ್ರೇನಿಗೂ ಮೆಕ್ಯಾನಿಕ್ ನನ್ನ ಸೊಸೇನೇ.